ಜೋಡಿ ಗಾಯನದ ತಂಬೂರಿ

ಕಾಲುವೆ ಕ್ಯಾಂಪ್, ರಂಗಂಪೇಟೆ

ತಂಗಿ ಮಂದಾಕಿನಿಗೆ ಅಕ್ಕನ ಆಶೀರ್ವಾದ.

ನಾನಿಲ್ಲದೆ ಪುಣೆಯ ಯುವ ಸಂಗೀತೋತ್ಸವದಲ್ಲಿ ಹಾಡುವುದಿಲ್ಲ ಎಂದು ಬರೆದಿದ್ದೀ. ಹಟ ಮಾಡಬೇಡ. ಕೂಸಿನ ಕೆಮ್ಮು ಇನ್ನೂ ನಿಂತಿಲ್ಲ. ಡಾಕ್ಟರು ಹೆದರಬೇಡಿ ಅಂದರೂ ರಾತ್ರಿಯೆಲ್ಲ ಅದರ ಎದೆಗೆ ಕಿವಿ ಇಟ್ಟು ಕೂತಿರುತ್ತೇನೆ. ರಿಯಾಜಿಗೆ ಕೂತು ತಿಂಗಳುಗಳೇ ಆದವು.

ಇಲ್ಲಿ ಕಾಲುವೆಗೆ ಹೊಸದಾಗಿ ನೀರು ಬಂದಿದೆ. ಮಕ್ಕಳು ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿಯುತ್ತಾರೆ. ನಿನ್ನೆ ಹಾಲು ಹಾಕಲು ಬಂದ ಭೀಮವ್ವ ಮೂಲೆಯಲ್ಲಿದ್ದ ನಮ್ಮ ತಂಬೂರಿಯ ಸೋರೆಬುರುಡೆ ನೋಡಿ, "ಅಕ್ಕಾರ, ಇಷ್ಟು ದೊಡ್ಡ ಬುರುಡಿ ಮನ್ಯಾಗ ಇಟಗೊಂಡು ನೀರಿಗಿ ಅಂಜತೀರಲ್ರಿ!" ಎಂದಳು. ನಾನೂ ನಕ್ಕೆ. ಅವಳು ಹೋದ ಮೇಲೆ ಅದರ ಧೂಳು ಒರೆಸಿದೆ.

ಮಂಗಳವಾರ ನಿನ್ನ ಭಾವ ಯಾದಗಿರಿಯಲ್ಲಿ ರೈಲು ಹತ್ತಿ ತಂಬೂರಿಯನ್ನು ನೇರ ಪುಣೆಗೇ ತರುತ್ತಾರೆ. ತಂತಿ ಸಡಿಲ ಮಾಡಿದ್ದೇನೆ. ಧಾರವಾಡದಲ್ಲಿ ನಾವಿಬ್ಬರೂ ಜೋಡಿಯಾಗಿ ಹಾಡಿದ್ದು ಅಲ್ಲಿಗೆ ಮುಗಿಯಿತು ಅಂದುಕೋ, ಒಬ್ಬಳೇ ಕೂತು ಹಾಡು. ಅಂತರಾದಲ್ಲಿ ನನಗೆಂದು ಬಿಟ್ಟುಕೊಡುತ್ತಿದ್ದೆಯಲ್ಲ, ಆ ಮೇಲಿನ ಷಡ್ಜ, ಅದನ್ನು ಈ ಸಲ ಬಿಡಬೇಡ. ಇನ್ನು ಅದೂ ನಿನ್ನದೇ.

ಕೂಸು ಎದ್ದಿತು.

ನಿನ್ನ ಅಕ್ಕ,
ಸರೋಜಿನಿ