ನೊರೆ ಒಡೆಯದ ಆಲಿಕೆ

ಕ್ಯಾರಿಬೂ, ಮೇಯ್ನ್
ನವೆಂಬರ್ 8, ಶುಕ್ರವಾರ

ಪ್ರೀತಿಯ ಲಿನೆಟ್,

ಪೋರ್ಟ್‌ಲ್ಯಾಂಡಿನ ಚಳಿಗೆ ನಿನ್ನ ಕೆಮ್ಮು ಹೇಗಿದೆ? ಇಲ್ಲಿ ಅಮ್ಮ ಚೆನ್ನಾಗಿದ್ದಾಳೆ. ಪ್ಲೋಯ್ ದೋಸೆ ಹೊಯ್ದಾಗಲೆಲ್ಲ ನಿನ್ನ ಪಾಲಿನ ಎರಡೂ ತಟ್ಟೆಯಲ್ಲೇ ಉಳಿಯುತ್ತವೆ, ಅವಳು ನನ್ನ ಮುಖ ನೋಡುತ್ತಾಳೆ. ನೀನು ನಮ್ಮ ನೀರು ಪರೀಕ್ಷೆಯ ಲ್ಯಾಬು ಬಿಟ್ಟುಹೋದ ಏಪ್ರಿಲ್‌ನಿಂದ ಈ ಮನೆಯಲ್ಲಿ ಅದೇ ನೋಟ.

ನಿನ್ನೆಯ ಸುದ್ದಿ ಹೇಳಬೇಕು. ಪೆಲ್ಟಿಯೆ ಅವರ ಆಲೂಗಡ್ಡೆ ಹೊಲದಲ್ಲಿ ಕೀಟನಾಶಕದ ಪೀಪಾಯಿ ಉರುಳಿತ್ತು. ಅದು ಬಾವಿಗೆ ಇಳಿದಿದೆಯೋ ಎಂದು ನೋಡಲು ಅವತ್ತೇ ಹಿಡಿದ ಒಂದೇ ಒಂದು ಬಾಟಲಿ ನೀರು ನಮಗೆ ಬಂತು. ಆ ದಿನದ ನೀರು ಮತ್ತೆ ಸಿಗುವುದಿಲ್ಲ, ಆ ಮನೆಯಲ್ಲಿ ಮೂರು ತಿಂಗಳ ಮಗು ಬೇರೆ. ಯಾರ ಕೈಗೂ ಕೊಡದೆ ನಾನೇ ಬಿರಡೆಯ ಗಾಜಿನ ಆಲಿಕೆಗೆ ಸುರಿದು, ಕೀಟನಾಶಕವನ್ನು ಎಳೆದುಕೊಳ್ಳುವ ದ್ರಾವಕ ಸೇರಿಸಿ, ತೊಟ್ಟಿಲು ತೂಗಿದ ಹಾಗೆ ಮೆಲ್ಲಗೆ ತಿರುವಿದೆ. ನೀರು ಮೇಲೆ, ದ್ರಾವಕ ಕೆಳಗೆ ಬೇರೆಯಾಗಿ ನಿಲ್ಲಬೇಕಲ್ಲ, ನಿಲ್ಲಲಿಲ್ಲ. ನಡುವೆ ಬಿಳಿ ನೊರೆ ದಪ್ಪಗೆ ಕಟ್ಟಿಕೊಂಡು ಕೂತಿತು, ಏಪ್ರಿಲ್‌ನಲ್ಲಿ ನಿನ್ನ ಕೈಯಲ್ಲಿ ಆದ ಹಾಗೆಯೇ. ಪಕ್ಕದ ಮೇಜಿನ ವೆಂಡೆಲ್ ಬಿಡುತ್ತಾನೆಯೇ? "ಏನ್ ಬಾಸ್, ನಿಮ್ ಕೈಲೂ ಮಜ್ಜಿಗೆನೇ ಆಯ್ತಲ್ಲ!" ಎಂದ. ಉಪ್ಪು ಹಾಕಿದೆ, ಎರಡು ಗಂಟೆ ಕಾದೆ, ಜಪ್ಪಯ್ಯ ಅಂದರೂ ಒಡೆಯಲಿಲ್ಲ. ಆಗ ನಿನ್ನ ಮಾತು ನೆನಪಾಯಿತು. "ನಾನು ಜೋರಾಗಿ ಕುಲುಕ್ಲೇ ಇಲ್ಲ ಅಪ್ಪಾ. ಗಾಜಿನ ಉಣ್ಣೆ ಇಟ್ಟು ಸೋಸಿ ನೋಡ್ತೀನಿ, ಒಂದ್ಸಲ ಬಿಡು" ಎಂದಿದ್ದೆ. ನಾನು ಬಿಟ್ಟೆನೇ? "ಕೈಲಿ ತಾಳ್ಮೆ ಇಲ್ದೋರಿಗಲ್ಲ ಈ ಕೆಲ್ಸ, ನಡಿ ಆಚೆ" ಎಂದು ಎಲ್ಲರೆದುರು ಕೂಗಿ, ಆಲಿಕೆಯಲ್ಲಿದ್ದುದನ್ನು ತ್ಯಾಜ್ಯದ ಕ್ಯಾನಿಗೆ ಸುರಿದಿದ್ದೆ. ನೀನು ಖಾಲಿ ಆಲಿಕೆಯೊಳಗೆ ಬೆರಳಾಡಿಸಿ, ಮೂಗಿಗೆ ಹಿಡಿದು, ನನ್ನನ್ನೊಮ್ಮೆ ನೋಡಿ, ಲ್ಯಾಬಿನ ಕೋಟು ತೂಗುಹಾಕಿ ಹೊರಟುಹೋದೆ.

ನಿನ್ನೆ ಆ ಗಾಜಿನ ಉಣ್ಣೆಯೇ ಕಾಪಾಡಿತು. ತೊಟ್ಟು ತೊಟ್ಟಾಗಿ ಇಳಿದು ಎರಡು ಪದರವೂ ತಿಳಿಯಾದವು. ಪರೀಕ್ಷಿಸಿದರೆ, ಬಾವಿಯಲ್ಲಿ ಕೀಟನಾಶಕ ಇದೆ. ಸಂಜೆಯೊಳಗೆ ಫೋನ್ ಮಾಡಿ ಆ ನೀರು ಮುಟ್ಟಬೇಡಿ ಎಂದೆ. ಆಮೇಲೆ ಕಪಾಟಿನ ಇನ್ನೊಂದು ಆಲಿಕೆಗೆ ಬರೀ ಶುದ್ಧ ನೀರು ಹಾಕಿ ಕುಲುಕಿದೆ. ನೊರೆ ಬಂತು. ತೊಳೆದ ಸೋಪು ಪೂರ್ತಿ ಹೋಗಿರಲಿಲ್ಲ.

ಬೆಚ್ಚಗಿರು ಮಗಳೇ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ,
ರೋಸೇರ್

ತಾ.ಕ.: ಅಂಚೆಯವಳು ಬಾಗಿಲಲ್ಲಿ ನಿಂತಿದ್ದಾಳೆ. ಬೇರೆಯವರು ಒಡೆದುಹಾಕುತ್ತಾರೆಂದು ಹದಿನಾರು ವರ್ಷದಿಂದ ಆಲಿಕೆ ತೊಳೆಯುವವನು ನಾನೊಬ್ಬನೇ. ಬೆರಳು ಮೂಗಿಗೆ ಹಿಡಿದಾಗಲೇ ಅದು ಸೋಪೆಂದು ನಿನಗೆ ತಿಳಿದಿತ್ತು, ಅಲ್ಲವೇ? ಎಲ್ಲರೆದುರು ನನ್ನ ಮಾನ ಉಳಿಸಿ ಹೋದೆ. ತಪ್ಪು ನನ್ನದೆಂದು ಇವತ್ತು ಬೆಳಿಗ್ಗೆ ಅವರೆಲ್ಲರೆದುರೇ ಹೇಳಿದೆ. ನಿನ್ನ ಕೋಟು ಇನ್ನೂ ಅಲ್ಲೇ ಇದೆ. ಬರುತ್ತೇನೆ ಎಂದರೆ ಒಗೆಸಿಡುತ್ತೇನೆ. ನಾನು ಒಗೆಯುವುದಿಲ್ಲ, ಅಮ್ಮ ಒಗೆಯುತ್ತಾಳೆ.