ನಿಧಾನಕ್ಕೆ ತೂಗಿದಾಗ

ಮಾರ್ಚ್ 3, ಸೋಮವಾರ

...ಬೇಗ ಬೇಗ ತೂಗಿದರೆ ಭಯ ಬೇಡ, ನಿಧಾನ ಆದಾಗ — ಅಷ್ಟರಲ್ಲಿ ಎಂಜಿನ್ ಶುರುವಾಗಿತ್ತು. ಮಾವ ಮಾತು ಮುಗಿಸಿದರು. ತುಟಿ ಆಡಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಮದುವೆಯಾದ ಹೊಸದು. ಲಾಂಚಿನಲ್ಲಿ ಮೊದಲ ಸಲ ಕೂತಿದ್ದೆ, ಹಲಗೆಯನ್ನು ಎರಡೂ ಕೈಯಲ್ಲಿ ಹಿಡಿದು. ಎಲ್ಲ ಅರ್ಥವಾದವಳ ಹಾಗೆ ತಲೆಯಾಡಿಸಿದ್ದೆ. ಆಮೇಲೆ ಕೇಳಲೇ ಇಲ್ಲ. ಈಗ ಕೇಳೋಣವೆಂದರೆ ಮಾವ ಇಲ್ಲ.

ಇಷ್ಟು ವರ್ಷ ಬಿಟ್ಟು ಇವತ್ತು ಯಾಕೆ ನೆನಪಾಯಿತು ಅಂದರೆ — ಕೆಲಸ ಮುಗಿಸಿ ನಮ್ಮ ಲಾಂಚಿನಲ್ಲೇ ಈಚೆ ದಡಕ್ಕೆ ಬಂದೆ. ಲಾಂಚಿನ ಮೇಲೆ ಅಟ್ಟ ಕೂರಿಸಿದ ನಂತರ ನನ್ನ ಮೊದಲ ಪ್ರಯಾಣ. ಇವರು ಚುಕ್ಕಾಣಿ ಹಿಡಿದಿದ್ದರು. ಮರಳು ತುಂಬಿದ ದೋಣಿಯೊಂದು ಅಡ್ಡ ಹಾದು ಅಲೆ ಎಬ್ಬಿಸಿತು. ಹಿಂದೆಲ್ಲ ಇಂಥ ಅಲೆಗೆ ಲಾಂಚು ಗಕ್ಕನೆ ವಾಲಿ ಗಕ್ಕನೆ ಏಳುತ್ತಿತ್ತು. ಹಲ್ಲಿಗೆ ಹಲ್ಲು ತಾಗುತ್ತಿತ್ತು. ಇವತ್ತು ಮೆಲ್ಲಗೆ ವಾಲಿತು. ಅಲ್ಲೇ ಸ್ವಲ್ಪ ಹೊತ್ತು ಇತ್ತು. ಏಳಬೇಕೋ ಬೇಡವೋ ಎಂದು ಯೋಚಿಸಿ ಎದ್ದ ಹಾಗೆ ಎದ್ದಿತು.

ಎದುರಿಗೆ ಕೂತಿದ್ದ ಆಸ್ಪತ್ರೆಯ ನರ್ಸಮ್ಮ, "ಮೊದಲು ಜರಡಿ ಹಿಡಿದ ಹಾಗಿರ್ತಿತ್ತು ಕಣ್ರೀ. ಈಗ ನೋಡಿ, ತೊಟ್ಟಿಲು!" ಅಂದರು.

ಇವರಿಗೆ ಸಂತೋಷ. "ಭಾರ ಬಂದ್ಮೇಲೆ ಗಾಂಭೀರ್ಯ ಬರಲೇಬೇಕಲ್ಲ."

ಎಲ್ಲರೂ ನಕ್ಕರು. ನಾನೂ. ಆದರೆ ಕೈ ಯಾಕೋ ಹಲಗೆ ಹಿಡಿದುಕೊಂಡಿತ್ತು.

ಮಾರ್ಚ್ 5, ಬುಧವಾರ

ಅಟ್ಟದ ವಿಷಯ. ಸೇತುವೆ ಮುಗಿಯಿತು. ಇಪ್ಪತ್ತಮೂರಕ್ಕೆ ಉದ್ಘಾಟನೆ. ಆಮೇಲೆ ನೀರು ದಾಟಲು ನಮ್ಮ ಲಾಂಚು ಯಾರಿಗೂ ಬೇಡ. ಸುಮ್ಮನೆ ಸುತ್ತಾಡಲು ಬರುವವರು ಬೇಕು. ಸುತ್ತಾಡುವವರಿಗೆ ಎತ್ತರ ಬೇಕು, ಗಾಳಿ ಬೇಕು, ಫೋಟೋ ಬೇಕು. ಅದಕ್ಕೇ ಅಟ್ಟ, ಅದರ ಮೇಲೆ ಬೆಂಚು, ಸುತ್ತ ಕಂಬಿ. ಮಾಡಿಕೊಟ್ಟವನು ಇವರ ಗೆಳೆಯ, ವೆಲ್ಡರ್. ಉದ್ದ ಕಾಲು, ಉದ್ದ ಕುತ್ತಿಗೆ — ಊರಿಗೆಲ್ಲ ಕೊಕ್ಕರೆ. ಉದ್ಘಾಟನೆಯ ದಿನ ಮೊದಲ ಸುತ್ತು, ಸೇತುವೆಯ ಕೆಳಗೆ. ಮನೆಯವರೆಲ್ಲ ಮೇಲಿನ ಬೆಂಚಿನಲ್ಲಿ. ಬಾಕಿ ಜಾಗ ಆಗಲೇ ಬುಕ್ ಆಗಿದೆ.

ಅಟ್ಟವನ್ನು ಕೂರಿಸುವ ಮೊದಲು ಟೆಂಪೋದಲ್ಲಿ ನಾನು ಕೆಲಸ ಮಾಡುವ ವೇಬ್ರಿಜ್‌ಗೆ ತಂದಿದ್ದರು. ಲಾರಿ ತೂಗುವ ಜಾಗದಲ್ಲಿ ಅದನ್ನೂ ತೂಗಿ ಚೀಟಿ ಕೊಟ್ಟೆ. ಅಷ್ಟೇ ತೂಕದ ಕಲ್ಲನ್ನು ಲಾಂಚಿನ ತಳದಿಂದ ಹೊರಗೆ ತೆಗೆದರು. ಮಾವ ಹಲಗೆಯ ಕೆಳಗೆ ಜೋಡಿಸಿಟ್ಟಿದ್ದ ಕಲ್ಲುಗಳು. ಮೇಲೆ ಎಷ್ಟು ಹಾಕಿದೆವೋ ಕೆಳಗೆ ಅಷ್ಟು ತೆಗೆದೆವು, ಕಿಲೋಗೆ ಕಿಲೋ. ಲಾಂಚಿನ ಹೊಟ್ಟೆಯ ಕೆಂಪು ಪಟ್ಟಿ ಮೊದಲಿದ್ದಲ್ಲೇ ನೀರಿನ ಮೇಲೆ ನಿಂತಿತು. ಕೊಕ್ಕರೆ ಚಪ್ಪಾಳೆ ತಟ್ಟಿದ. "ಅತ್ತಿಗೆ ಲೆಕ್ಕ ಅಂದ್ರೆ ಲೆಕ್ಕ!"

ಅಂಕಿ ಸರಿಯಾಗಿತ್ತು. ಈಗಲೂ ಸರಿಯೇ.

ಅದೇ ದಿನ ಸಂಜೆ

ಅತ್ತೆ ಇವರ ಬಗ್ಗೆ ಪಕ್ಕದ ಮನೆಯವರಿಗೆ ಹೇಳುತ್ತಿದ್ದರು — "ನನ್ನ ಮಗನಿಗೆ ಈಗ ತೂಕ ಬಂದಿದೆ. ಮೊದಲಿನ ಹಾಗೆ ಹಾರಾಡಲ್ಲ." ನಿಜ. ಇವರ ಸಿಟ್ಟು ಬೆಂಕಿಕಡ್ಡಿಯಂಥದು. ಗೀರಿದ ಕೂಡಲೇ ಹತ್ತಿ, ಬೆರಳು ಸುಡುವ ಮೊದಲೇ ಆರುತ್ತಿತ್ತು. ಬೈದ ಬಾಯಲ್ಲೇ ಚಹಾ ಕೇಳುತ್ತಿದ್ದರು. ನೀರಿನಲ್ಲಿ ಸೇತುವೆಯ ಕಂಬಗಳು ಎದ್ದ ಮೇಲೆ ಜೋರು ಮಾತೇ ಇಲ್ಲ. ಏನು ಕೇಳಿದರೂ ಸ್ವಲ್ಪ ಹೊತ್ತು ಬಿಟ್ಟು "ಹೂಂ". ಒಳ್ಳೆಯವರಾಗಿದ್ದಾರೆ ಅನ್ನುತ್ತಾರೆ ಎಲ್ಲ.

ಮಾರ್ಚ್ 10, ಸೋಮವಾರ

ವೇಬ್ರಿಜ್. ಬೆಳಿಗ್ಗೆ ಎರಡು ಲಾರಿ ಒಂದರ ಹಿಂದೆ ಒಂದು. ಮೊದಲನೆಯದರಲ್ಲಿ ಕಬ್ಬಿಣದ ಸರಳು, ಲಾರಿಯ ತಳಕ್ಕೆ ಅಂಟಿಕೊಂಡ ಹಾಗೆ. ಎರಡನೆಯದು ಹತ್ತಿ, ಆಕಾಶಕ್ಕೆ. ಅಂಕಿ ಹೆಚ್ಚುಕಡಿಮೆ ಒಂದೇ. ಹತ್ತಿ ಲಾರಿಯ ಡ್ರೈವರ್ ಚೀಟಿಗೆ ಕಾಯುತ್ತ ನಿಂತಿದ್ದ. ಎರಡೂ ಒಂದೇ ತೂಕ ನೋಡಿ ಅಂದೆ, ಮಾತಿಗೆ.

"ನಿಮ್ಮ ಮಿಷನ್‌ಗೆ ಒಂದೇ ಮೇಡಂ. ತಿರುವಿಗೆ ಒಂದೇ ಅಲ್ಲ. ಕಬ್ಬಿಣ ತಿರುವಿನಲ್ಲಿ ಹೇಳಿದ ಮಾತು ಕೇಳುತ್ತೆ. ಇದು ವಾಲಿದ್ಮೇಲೆ ಅಲ್ಲೇ ಯೋಚನೆ ಮಾಡ್ತಾ ಕೂತ್ಕೊಳ್ಳುತ್ತೆ."

"ಯೋಚನೆ ಮುಗೀದೇ ಇದ್ರೆ?"

"ನಾನು ನಿಮ್ಮ ಮುಂದೆ ನಿಂತಿರ್ತಿರಲಿಲ್ಲ."

ನಕ್ಕು ಹೋದ. ಮಧ್ಯಾಹ್ನದ ತನಕ ಅದೇ ತಲೆಯಲ್ಲಿ. ಭಾರ ಎಷ್ಟು ಅನ್ನುವುದಷ್ಟೇ ಈ ಮಿಷನ್ನಿಗೆ ಗೊತ್ತು. ಎಲ್ಲಿದೆ ಅನ್ನುವುದು ಗೊತ್ತಿಲ್ಲ. ಅದು ಕೇಳುವುದೂ ಇಲ್ಲ. ಇಷ್ಟು ವರ್ಷ ನಾನೂ ಕೇಳಿರಲಿಲ್ಲ.

ತಕ್ಕಡಿಯೂ ತೂಗುತ್ತದೆ, ತೊಟ್ಟಿಲೂ ತೂಗುತ್ತದೆ. ಒಂದೇ ಮಾತು. ಮಾವ ಯಾವುದನ್ನು ಹೇಳಿದ್ದು?

ಮಾರ್ಚ್ 15, ಶನಿವಾರ. ಸಂಜೆ ನಾಲ್ಕು

ಜೆಟ್ಟಿಯಲ್ಲಿ ಲಾಂಚು ಖಾಲಿ. ಇವರು ಡೀಸೆಲ್ ತರಲು ಹೋಗಿದ್ದರು. ಹಗ್ಗ ಸಡಿಲ ಮಾಡಿ, ಅಂಚಿನ ಮೇಲೆ ಕಾಲಿಟ್ಟು ಒತ್ತಿ ಬಿಟ್ಟೆ. ಅತ್ತ ಹೋಗುವಾಗ ಉಸಿರು ಒಳಗೆ, ಇತ್ತ ಬರುವಾಗ ಹೊರಗೆ. ಸಲೀಸಾಗಿ ಹೊಂದಿತು. ಹಿಂದೆ ಒಂದು ಉಸಿರು ಎಳೆಯುವುದರೊಳಗೆ ಹೋಗಿ ಬಂದು ಆಗುತ್ತಿತ್ತು. ಪಕ್ಕದಲ್ಲಿ ಮೀನಿನವರ ದೋಣಿ, ಬಲೆ, ಪೆಟ್ಟಿಗೆ ಎಲ್ಲ ತಳದಲ್ಲಿ. ಅದನ್ನೂ ಒತ್ತಿದೆ. ಪಟಪಟ ಅಂತ ಸಿಡುಕಿತು, ಸುಮ್ಮನಾಯಿತು.

ತಡೆಯಲಾಗದಷ್ಟು ಕುತೂಹಲ. ನಾಳೆ ಅಳೆದು ನೋಡಬೇಕು.

ಮಾರ್ಚ್ 16, ಭಾನುವಾರ

ಅಳೆದೆ.

ಗಾರೆ ಕೆಲಸದವರು ಗೋಡೆಯ ನೇರ ನೋಡುವ ತೂಗುಗುಂಡು ಪಕ್ಕದ ಮನೆಯಲ್ಲಿತ್ತು. ಲಾಂಚಿನ ಒಳಗಿನ ತೊಲೆಗೆ ದಾರ ಕಟ್ಟಿ ಇಳಿಬಿಟ್ಟೆ. ಗುಂಡು ಸುಮ್ಮನೆ ಓಲಾಡದಿರಲೆಂದು ಕೆಳಗೆ ಒಂದು ಬಕೆಟ್ ನೀರು, ಅದರಲ್ಲಿ ಮುಳುಗಿಸಿದೆ. ಬಕೆಟ್ಟಿನ ಅಡ್ಡಕ್ಕೆ ಒಂದು ಪಟ್ಟಿ, ದಾರ ಎಷ್ಟು ಸರಿಯಿತು ನೋಡಲು. ಆಮೇಲೆ ಬೇಕಾದ್ದು ತೂಕದ ಕಲ್ಲು. ಮನೆಯವರನ್ನೇ ಕರೆದೆ. ಅತ್ತೆ, ಮೈದುನ, ವಾರಗಿತ್ತಿ, ಜೊತೆಗೆ ಕೊಕ್ಕರೆ.

ಮೊದಲು ಎಲ್ಲರೂ ಕೆಳಗೆ, ನಡುವಿನಿಂದ ಬಲಗಡೆಯ ಹಲಗೆಗೆ.

"ನಮ್ಮನ್ನೇ ತೂಗ್ತಾ ಇದ್ದೀಯೇನೇ?" ಅತ್ತೆ.

"ಸೀರೆ ಸೇರಿಸಿಯೋ ಬಿಟ್ಟೋ ಕೇಳಿ ಅತ್ತೆ," ವಾರಗಿತ್ತಿ.

"ಕೊಕ್ಕರೆಯನ್ನ ಯಾಕೆ ಕರೆದ್ರಿ ಅತ್ತಿಗೆ? ಅವನು ಕೂತ್ರೂ ಎದ್ರೂ ದೋಣಿಗೆ ಗೊತ್ತಾಗಲ್ಲ," ಮೈದುನ.

ದಾರ ಎರಡು ಬೆರಳಿನಷ್ಟು ಸರಿಯಿತು. ಬರೆದುಕೊಂಡೆ. ಆಮೇಲೆ ಅದೇ ಜನ ಮೇಲೆ. ಏಣಿ ಹತ್ತುವಾಗ ಅತ್ತೆಯದು ಸಾವಿರ ಮಾತು. ಬಲಗಡೆಗೆ ಸರಿದು ಕೂತರು. ಲಾಂಚು ವಾಲಿತು, ಇನ್ನೂ ವಾಲಿತು. ದಾರ ಹತ್ತಿರ ಹತ್ತಿರ ಒಂದು ಗೇಣು ಸರಿದು ಬಕೆಟ್ಟಿನ ಅಂಚಿಗೆ ತಾಗಿತು. ಮೇಲೆ ಎಲ್ಲರೂ ಕಂಬಿ ಹಿಡಿದರು.

"ಅಕ್ಕಾ, ಇಳೀಲಾ?" ವಾರಗಿತ್ತಿಯ ಸಣ್ಣ ದನಿ.

ಒಬ್ಬೊಬ್ಬರಾಗಿ ನಡುವಿಗೆ ಬನ್ನಿ ಅಂದೆ. ಬಂದರು. ಲಾಂಚು ಕೂಡಲೇ ಏಳಲಿಲ್ಲ. ಮೂರು ಸಲ ಕರೆದ ಮೇಲೆ ಓಗೊಡುವವರ ಹಾಗೆ ಎದ್ದಿತು.

ನಾಲ್ಕು ಜನಕ್ಕೆ ಇಷ್ಟು. ಉದ್ಘಾಟನೆಯ ದಿನ ಮೇಲಿನ ಬೆಂಚು ತುಂಬ ಜನ. ಸೇತುವೆ ಬಂದಾಗ ಎಲ್ಲರೂ ಒಂದೇ ಕಡೆಗೆ ಓಡುತ್ತಾರೆ. ಬೇರೆ ಯಾವ ಕಡೆಗೆ ಓಡುತ್ತಾರೆ?

ಅದೇ ದಿನ, ಊಟವಾದ ಮೇಲೆ

ಇವರನ್ನು ಕರೆದುಕೊಂಡು ಹೋಗಿ ತೋರಿಸಿದೆ. ಗುಂಡು, ಬಕೆಟ್, ಎರಡು ಗುರುತು. ಹತ್ತಿ ಲಾರಿ, ಕಬ್ಬಿಣದ ಲಾರಿ. ಕಲ್ಲು ಮತ್ತೆ ತಳಕ್ಕೆ ಹೋಗಬೇಕು, ಮೇಲೆ ಯಾರೂ ಕೂರಬಾರದು ಅಂದೆ. ಇವರ ಅಟ್ಟ. ಸೇತುವೆ ಬಂದ ಮೇಲಿನ ಇವರ ಬದುಕು. ಹಳೆಯ ಇವರಾಗಿದ್ದರೆ ಬಕೆಟ್ ಒದ್ದು, ವೇಬ್ರಿಜ್‌ನಲ್ಲಿ ಕೂತವಳು ನನಗೆ ದೋಣಿ ಕಲಿಸ್ತೀಯಾ ಅನ್ನುತ್ತಿದ್ದರು. ಅದಕ್ಕೇ ತಯಾರಾಗಿ ನಿಂತಿದ್ದೆ.

"ಸರಿ," ಅಂದರು.

"ಸರಿ ಅಂದ್ರೆ?"

"ನೀನು ಹೇಳಿದ್ದೂ ಸರಿ."

"ರೀ, ಬೈಯೋದಾದ್ರೆ ಬೈದುಬಿಡಿ."

"ಏನಂತ ಬೈಲಿ? ನೀನೂ ಸರಿ. ಬುಕ್ ಮಾಡಿದವರೂ ಸರಿ. ಸೇತುವೆ ಕಟ್ಟಿದವರೂ ಸರಿ."

ಬಕೆಟ್ಟಿನ ನೀರನ್ನು ಹೊರಗೆ ಚೆಲ್ಲಿ, ಬಕೆಟ್ ಬೋರಲು ಹಾಕಿ ಹೋದರು. ಶಬ್ದವಾಗದ ಹಾಗೆ.

ಗುಂಡು ಒಂದು ಗೇಣು ಸರಿದಾಗ ಇಷ್ಟು ಭಯವಾಗಿರಲಿಲ್ಲ.

ಮಾರ್ಚ್ 21, ಶುಕ್ರವಾರ

ಏನೂ ಆಗಿಲ್ಲ. ಅಟ್ಟ ಅಲ್ಲೇ, ಬೆಂಚು ಅಲ್ಲೇ, ಕಲ್ಲುಗಳು ಅಂಗಳದಲ್ಲೇ. ಕೇಳಿದರೆ "ಹೂಂ, ನೋಡೋಣ." ನಾಡಿದ್ದು ಉದ್ಘಾಟನೆ.

ಅತ್ತೆ ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದರು, ಮಾವನ ಚಪ್ಪಟೆ ಕಲ್ಲೊಂದರ ಮೇಲೆ. ಕೇಳಿಯೇಬಿಟ್ಟೆ. ಬೇಗ ತೂಗಿದರೆ ಭಯ ಬೇಡ, ನಿಧಾನ ಆದಾಗ — ಆಮೇಲೆ ಏನು ಅತ್ತೆ?

"ನಿನಗೂ ಹೇಳಿದ್ರಾ ಅದನ್ನ? ನಿನ್ನ ಗಂಡ ಚಿಕ್ಕವನಿದ್ದಾಗ ನಂಗೆ ಹೇಳೋರು. ಇವನು ತಟ್ಟೆ ಎಸೆದ ದಿನ ಎಲ್ಲ ಅದೇ ಮಾತು."

"ದೋಣಿ ಬಗ್ಗೆ ಅಲ್ವಾ?"

"ದೋಣಿ ಬಗ್ಗೆ ನಂಗ್ಯಾಕೆ ಹೇಳ್ತಾರೆ? ನಾನೇನು ದೋಣಿ ಓಡಿಸ್ತೀನಾ?"

"ನಿಧಾನ ಆದಾಗ ಏನು ಮಾಡಬೇಕಂತೆ?"

ಅತ್ತೆ ಬಟ್ಟೆ ಹಿಂಡುತ್ತ ಯೋಚಿಸಿದರು. "ಅವರು ಯಾವತ್ತು ಒಂದು ಮಾತು ಪೂರ್ತಿ ಕೇಳೋ ಹಾಗೆ ಹೇಳಿದ್ದಾರೆ? ಅರ್ಧ ನಮಗೆ, ಅರ್ಧ ಎಂಜಿನ್‌ಗೆ."

ಯಾರು ತೂಗಿದರೆ, ಯಾವುದು ತೂಗಿದರೆ ಅಂತ ಮಾವ ಹೇಳಿರಲೇ ಇಲ್ಲ. ನಾನು ದೋಣಿಯಲ್ಲಿ ಕೂತಿದ್ದೆ, ದೋಣಿ ಅಂದುಕೊಂಡೆ. ಇವರು ಪಕ್ಕದಲ್ಲೇ ಕೂತಿದ್ದರು.

ಮಾರ್ಚ್ 22, ಶನಿವಾರ

ರಜೆ ಹಾಕಿದೆ. ತಳ್ಳುಗಾಡಿಯಲ್ಲಿ ಕಲ್ಲು ತುಂಬಿ ಜೆಟ್ಟಿಗೆ ಸಾಗಿಸತೊಡಗಿದೆ. "ಆ ಚಪ್ಪಟೆ ಕಲ್ಲೊಂದು ಬಿಡೇ, ಒಗೆಯೋಕೆ ಚೆನ್ನಾಗಿದೆ," ಅಂದರು ಅತ್ತೆ. ಆಮೇಲೆ ನನ್ನ ಮುಖ ನೋಡಿ ತಾವೇ ಅದನ್ನು ಗಾಡಿಗೆ ಉರುಳಿಸಿದರು.

ಹಲಗೆ ಎತ್ತಿ ತಳಕ್ಕೆ ಜೋಡಿಸುತ್ತ ಬಂದೆ. ಕೈಗೆ ಹತ್ತಿರವಿದ್ದ ಕಡೆಗೇ. ಅರ್ಧ ಆಗುವಷ್ಟರಲ್ಲಿ ಇವರು ಬಂದರು. ಜೆಟ್ಟಿಯ ಮೇಲೆ ಕೈ ಕಟ್ಟಿ ನಿಂತರು. ನೋಡಿದರು. ನಾನು ಇನ್ನೊಂದು ಇಟ್ಟೆ. ಲಾಂಚು ಎಡಕ್ಕೆ ವಾಲಿ ನಿಂತಿತ್ತು.

"ಏನೇ ಅದು?"

ಇನ್ನೊಂದು ಇಟ್ಟೆ.

"ತಲೆ ನೆಟ್ಟಗಿದೆಯಾ ನಿಂಗೆ? ಎಲ್ಲಾ ಒಂದೇ ಕಡೆ ಪೇರಿಸ್ತಾ ಇದ್ದೀಯಲ್ಲ! ಅದು ಹಿಂದುಗಡೆ ಇಡೋ ಕಲ್ಲು, ಅದನ್ನ ಎಂಜಿನ್ ಪಕ್ಕ ತುರುಕಿದ್ದೀಯ! ಏಳು, ಏಳು ಮೇಲೆ! ಅಪ್ಪ ಇದ್ದಿದ್ರೆ ನಿನ್ನನ್ನೇ ತಳಕ್ಕೆ ಹಾಕ್ತಿದ್ರು!"

ಮೀನಿನವರೆಲ್ಲ ತಿರುಗಿ ನೋಡಿದರು. ಇವರು ಚಪ್ಪಲಿ ಬಿಟ್ಟು ಒಳಗೆ ಹಾರಿದರು. ಲಾಂಚು ಅಲ್ಲಾಡಿತು. ನಾನು ಇಟ್ಟದ್ದನ್ನೆಲ್ಲ ಕಿತ್ತು, ಒಂದೊಂದನ್ನೂ ತಿರುಗಿಸಿ ನೋಡಿ, ಅದರದರ ಜಾಗದಲ್ಲಿ ಕೂರಿಸಿದರು. ಬೈಯುತ್ತಲೇ ಇದ್ದರು. ನಡುವೆ, "ಚಹಾ ತಂದಿದ್ದೀಯಾ?"

ಒಂದೇ ಕಡೆ ಬೇಕೆಂದೇ ಇಟ್ಟೆನೋ, ತಿಳಿಯದೆ ಇಟ್ಟೆನೋ. ಬರೆಯುವಾಗಲೂ ಗೊತ್ತಾಗುತ್ತಿಲ್ಲ.

ಸಂಜೆ ಕೊಕ್ಕರೆ ಸ್ಪ್ಯಾನರ್ ತಂದ. ಮೇಲಿನ ಬೆಂಚುಗಳು ಇಳಿದವು, ಕಂಬಿ ಇಳಿಯಿತು. "ಎಷ್ಟು ಚೆಂದ ಬಂದಿತ್ತು ವೆಲ್ಡಿಂಗು," ಅನ್ನುತ್ತ ಒಂದೊಂದು ನಟ್ಟನ್ನೂ ಒರೆಸಿ ಡಬ್ಬಿಗೆ ಹಾಕಿದ. ಬುಕ್ ಮಾಡಿದವರಲ್ಲಿ ಅರ್ಧ ಜನಕ್ಕೆ ಇವರು ಫೋನ್ ಮಾಡಿ ಬರಬೇಡಿ ಅಂದರು. ಒಬ್ಬರ ಜೊತೆ ಜಗಳವೂ ಆಯಿತು. ಗೋಡೆಯಾಚೆಯಿಂದ ಕೇಳುತ್ತ ಜಗಳ ಮುಗಿಯುವ ತನಕ ಕೂತಿದ್ದೆ.

ಮಾರ್ಚ್ 23, ಭಾನುವಾರ

ಎಲ್ಲರೂ ಕೆಳಗೆ. ಇಕ್ಕಟ್ಟು. ಸೇತುವೆ ತಲೆಯ ಮೇಲೆ ಬಂದಾಗ ಬಲೂನು ಬಿಟ್ಟರು. ಅಂದುಕೊಂಡ ಹಾಗೇ ಎಲ್ಲರೂ ಎದ್ದು ಬಲಕ್ಕೆ ನುಗ್ಗಿದರು. ನಾನೂ. ಕಾಲೇ ಎದ್ದಿತು, ನಾನಲ್ಲ. ಲಾಂಚು ವಾಲಿತು. ನೀರು ಕಂಡಿತು, ಹತ್ತಿರದಲ್ಲೇ. ಅಲ್ಲಿಗೆ ನಿಂತಿತು. ಮುಂದೆ ವಾಲಲಿಲ್ಲ.

"ಕೂತ್ಕೊಳ್ರೋ! ಸೇತುವೆ ಎಲ್ಲಿಗೂ ಓಡಿ ಹೋಗಲ್ಲ! ಎದ್ದವರನ್ನ ಇಲ್ಲೇ ಇಳಿಸ್ತೀನಿ!" ಇವರು ಗದರಿದರು.

ಕೂತರು. ಗಕ್ಕನೆ ಎದ್ದಿತು. ಹಲ್ಲಿಗೆ ಹಲ್ಲು. ನರ್ಸಮ್ಮ, "ಮತ್ತೆ ಜರಡಿ ಶುರು!" ಅತ್ತೆ ಚೀಲದಲ್ಲಿ ವಾಂತಿ ಮಾಡಿಕೊಂಡು, ಬಾಯಿ ಒರೆಸಿ, "ಅವರ ಕಾಲದಲ್ಲಿ ಹೀಗೇ ಇತ್ತು," ಅಂದರು, ತೃಪ್ತಿಯಿಂದ.

ಮಾರ್ಚ್ 24, ಸೋಮವಾರ. ಬೆಳಿಗ್ಗೆ ಒಂಬತ್ತು, ವೇಬ್ರಿಜ್

ಬಸ್ಸಿನಲ್ಲಿ ಬಂದೆ, ಸೇತುವೆಯ ಮೇಲೆ. ಎಲ್ಲರೂ ಬಸ್ಸಿನಲ್ಲೇ. ನರ್ಸಮ್ಮ ಕಿಟಕಿಯ ಪಕ್ಕ ನಿದ್ದೆ ಹೋಗಿದ್ದರು.

ಇವರು ಬೇಗ ಎದ್ದಿದ್ದರು. ಚಹಾ ಕುಡಿದು ಲೋಟ ತೊಳೆದಿಟ್ಟಿದ್ದರು. ಎಲ್ಲಿಗೆ ಅಂದರೆ ಸ್ವಲ್ಪ ಹೊತ್ತು ಬಿಟ್ಟು, "ಹೀಗೇ." ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದರು.

ಸೇತುವೆಯ ನಡುವೆ ಬಸ್ಸು ನಿಧಾನ ಮಾಡಿತು. ಕೆಳಗೆ ಲಾಂಚು. ಎಂಜಿನ್ ಹೊಗೆ ಇಲ್ಲ. ಇವರೊಬ್ಬರೇ, ಚುಕ್ಕಾಣಿಯ ಪಕ್ಕ ಕೂತಿದ್ದರು. ಮರಳಿನ ದೋಣಿ ಹಾದು ಹೋಯಿತು, ಅದರ ಅಲೆ ಲಾಂಚಿನ ಕಡೆಗೆ ಹೊರಟಿತ್ತು. ನಾನು ಉಸಿರು ಎಳೆದುಕೊಂಡು ಕಾದೆ. ಬಸ್ಸು ಮುಂದೆ ಹೋಯಿತು. ಸೇತುವೆಯ ಕಂಬಿಗಳು ಅಡ್ಡ ಬಂದವು.

ಕಲ್ಲುಗಳೆಲ್ಲ ಅದರದರ ಜಾಗದಲ್ಲಿವೆ. ಲಾಂಚಿನ ಬಗ್ಗೆ ನನಗೆ ಭಯವಿಲ್ಲ.

ಮಾವ, ಅವತ್ತು ಎಂಜಿನ್ ಶುರುವಾದ ಮೇಲೆ — ನಿಧಾನ ಆದಾಗ ಏನು ಮಾಡಬೇಕು ಅಂದಿರಿ?