ತಾರಸಿ ಮೇಲೆ ಬೀಗರು

ಲೋ ತಮ್ಮಾ,

ನಿನ್ನ ಮದುವೆಗೆ ಬಂದವರಿಗೆ ಊರಲ್ಲಿ ನೋಡೋ ಜಾಗ ತಿಳಿಸು ಅಂದ್ರೆ, ನಮ್ಮನೆ ತಾರಸೀನೇ ಬರೆದು ಕಳಿಸಿದ್ದೀಯಲ್ಲೋ! ತಲೆಗೆ ಟವೆಲ್ ಸುತ್ಕೊಂಡು, ಹಳೇ ನೈಟಿಯಲ್ಲಿ, ಒಣಗಿದ ಬಟ್ಟೆ ತೆಗೆಯೋಕೆ ಹತ್ತಿದ್ರೆ, ಹುಡುಗಿ ಕಡೆಯವರೆಲ್ಲ ಸಾಲಾಗಿ ಕೂತು ಸಮುದ್ರ ನೋಡ್ತಿದ್ದಾರೆ. ನಿನ್ನ ತೂತು ಬನಿಯನ್ನು ಅವಳ ಸೋದರಮಾವನ ತಲೆ ಮೇಲೇ ನೇತಾಡ್ತಿತ್ತು.

ಹಾಲು ಮುಗೀತು, ತರೋಕೆ ಹೋಗ್ತಿದ್ದೀನಿ. ನೀನು ಬಂದ ತಕ್ಷಣ ಮೇಲೆ ಚಾಪೆ ಹಾಸು. ಮೊದಲು ಆ ಬನಿಯನ್ನು ತೆಗಿ, ಮಾರಾಯ.

‘ಊರಲ್ಲೇ ಒಳ್ಳೆ ಚಹಾ ನಮ್ಮಕ್ಕಂದು’ ಅಂತಲೂ ಬರೆದಿದ್ದೀಯಂತೆ. ಅವರು ಓದಿ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಇಷ್ಟು ವರ್ಷ ನೀನು ಕುಡಿದು, ಲೋಟ ಅಲ್ಲೇ ಕುಕ್ಕಿ ಎದ್ದು ಹೋಗ್ತಿದ್ದೆ. ಒಂದು ದಿನವಾದ್ರೂ ಅದನ್ನ ನನಗೆ ಹೇಳೋಕೆ ಏನಾಗಿತ್ತೋ ನಿನಗೆ?

ಅಕ್ಕ